ಆಫೀಸಿನ ಒಳಗುಂಪುಗಳು, ಕಾಣದ ಮೇಲು ಕೀಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ತೆರಡು ವರ್ಷ ಬೆಂಗಳೂರಿನ ಖಾಸಗಿ ಕಂಪನಿಗಳಲ್ಲಿ ಕೆಲಸ ಮಾಡಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ತಂಡ ನಡೆಸಿದ್ದೇನೆ. ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರ ಜೊತೆ ಆಗಾಗ ಕೂತು ಮಾತಾಡುತ್ತೇನೆ. ಕೆಲಸ ಹೇಗೆ ಮಾಡಬೇಕು ಎಂದು ಅವರು ಕೇಳುವುದು ಕಡಿಮೆ. "ಅಲ್ಲೊಂದು ಗುಂಪಿದೆ, ನಾನು ಅದರಲ್ಲಿಲ್ಲ, ಏನು ಮಾಡಲಿ?" ಎಂದು ಕೇಳುವುದೇ ಜಾಸ್ತಿ. ಅವರ ಪ್ರಶ್ನೆಗಳನ್ನೂ ನನಗೆ ತಿಳಿದ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ನಾಲ್ಕು ಜನ ಸ್ನೇಹಿತರು ಒಟ್ಟಿಗೆ ಊಟಕ್ಕೆ ಹೋದರೆ ಅದೂ ಒಳಗುಂಪೇನಾ?

ಅಲ್ಲ. ಆಫೀಸಿನಲ್ಲಿ ಸ್ನೇಹ ಬೇಕೇ ಬೇಕು. ದಿನಕ್ಕೆ ಒಂಬತ್ತು ಗಂಟೆ ಕಳೆಯುವ ಜಾಗದಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇಲ್ಲದಿದ್ದರೆ ದಿನ ದೂಡುವುದು ಕಷ್ಟ.

ನಾನು ನೋಡುವುದು ಒಂದೇ ವಿಷಯ. ಆ ಟೇಬಲ್ಲಿನಲ್ಲಿ ತೀರ್ಮಾನ ಆಗುತ್ತಿದೆಯಾ? ಮಕ್ಕಳ ಶಾಲೆ, ಸಿಲ್ಕ್ ಬೋರ್ಡ್ ಟ್ರಾಫಿಕ್, ಊರಿನ ಮಳೆ ಮಾತಾಡಿದರೆ ಅದು ಸ್ನೇಹ. ಈ ಸಲ ಯಾರಿಗೆ ಪ್ರಮೋಷನ್, ಆನ್‌ಸೈಟ್‌ಗೆ ಯಾರ ಹೆಸರು, ಹೊಸ ಪ್ರಾಜೆಕ್ಟಿಗೆ ಯಾರು ಬೇಡ ಎಂಬುದೆಲ್ಲ ಅಲ್ಲೇ ಗಟ್ಟಿಯಾಗಿ, ಆಮೇಲೆ ಮೀಟಿಂಗಿನಲ್ಲಿ ಬರೀ ಓದಿ ಹೇಳುವಂತಾದರೆ ಅದು ಒಳಗುಂಪು. ಸ್ನೇಹಕ್ಕೆ ಯಾರೂ ಲೆಕ್ಕ ಕೊಡಬೇಕಿಲ್ಲ. ತೀರ್ಮಾನಕ್ಕೆ ಕೊಡಬೇಕು. ಊಟದ ಟೇಬಲ್ಲಿಗೆ ನಡಾವಳಿ ಪುಸ್ತಕ ಇರುವುದಿಲ್ಲ. ಅಲ್ಲಿ ಯಾರು ಏನು ಹೇಳಿದರು ಎಂದು ನಾಳೆ ಕೇಳಲು ಆಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ. ಅದು ಸಣ್ಣ ತಕರಾರು ಎಂದು ನನಗೆ ಯಾವತ್ತೂ ಅನಿಸಿಲ್ಲ.

ಯಾರ ಕೆಳಗೆ ಯಾರು ಎಂದು ಕಂಪನಿಯ ಚಾರ್ಟೇ ಹೇಳುತ್ತದಲ್ವಾ?

ಯಾರ ರಜೆಗೆ ಯಾರು ಸಹಿ ಹಾಕಬೇಕು ಎಂದು ಚಾರ್ಟ್ ಹೇಳುತ್ತದೆ. ಆ ಸಹಿಗೆ ಮುಂಚೆ ಮ್ಯಾನೇಜರ್ ಯಾರಿಗೆ ಫೋನ್ ಮಾಡುತ್ತಾರೆ ಎಂದು ಹೇಳುವುದಿಲ್ಲ.

ಸರ್ಕಾರಿ ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಹೇಬರು ಒಪ್ಪಿದ ಫೈಲು ಕೇಸ್ ವರ್ಕರ್ ಮೇಜಿನ ಮೇಲೆ ಹದಿನೈದು ದಿನ ಕೂತಿರುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ನೆ ಹುಟ್ಟಿದ ಗಾದೆಯಲ್ಲ. ವರ್ಗಾವಣೆ ಪಟ್ಟಿ ಹೊರಬೀಳುವ ಮೊದಲೇ ಎಷ್ಟೋ ಸಲ ಸಾಹೇಬರ ಡ್ರೈವರ್‌ಗೆ ವಿಷಯ ಗೊತ್ತಿರುತ್ತದೆ.

ಖಾಸಗಿ ಕಂಪನಿಯಲ್ಲಿ ಇದು ಇನ್ನೂ ನಯವಾಗಿರುತ್ತದೆ. ಇಬ್ಬರು ಹತ್ತು ನಿಮಿಷ ತಡವಾಗಿ ಬರುತ್ತಾರೆ. ಒಬ್ಬರ ಬಗ್ಗೆ "ಪಾಪ, ರಾತ್ರಿ ತುಂಬಾ ಕೆಲಸ ಇತ್ತು" ಎನ್ನುತ್ತಾರೆ. ಇನ್ನೊಬ್ಬರ ಬಗ್ಗೆ "ಶಿಸ್ತಿಲ್ಲ" ಎನ್ನುತ್ತಾರೆ. ಇಬ್ಬರ ಹುದ್ದೆ ಒಂದೇ, ಸಂಬಳ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ಕಾಣದ ಏಣಿ ಸಿಗುತ್ತದೆ.

ಇದೆಲ್ಲ ನಮ್ಮ ಅನಿಸಿಕೆ ಮಾತ್ರವೋ? ಯಾರಾದರೂ ಕೂತು ನೋಡಿ ಬರೆದಿದ್ದಾರಾ?

ಬರೆದಿದ್ದಾರೆ. ಸುಮಾರು ತೊಂಬತ್ತು ವರ್ಷಗಳ ಹಿಂದೆಯೇ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ಓದಿದಾಗ ನನ್ನ ಆಫೀಸನ್ನೇ ಯಾರೋ ನೋಡಿ ಬರೆದಂತೆ ಅನಿಸಿತ್ತು.

ಅಮೆರಿಕದ ಶಿಕಾಗೋ ಪಕ್ಕದ ಸಿಸೆರೋದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣ ತಯಾರಿಸುವ ಜಾಗ. 1931ರ ನವೆಂಬರಿನಿಂದ 1932ರ ಮೇ ತಿಂಗಳವರೆಗೆ ಅಲ್ಲಿ 14 ಗಂಡಸರನ್ನು ಒಂದು ಪ್ರತ್ಯೇಕ ಕೋಣೆಯಲ್ಲಿ ಕೆಲಸಕ್ಕೆ ಕೂರಿಸಿದರು. 9 ಜನ ತಂತಿ ಜೋಡಿಸುವವರು, 3 ಜನ ಬೆಸುಗೆ ಹಾಕುವವರು, 2 ಜನ ಪರೀಕ್ಷಕರು. ಒಬ್ಬ ಸಂಶೋಧಕ ಅಲ್ಲೇ ಕೂತು ಸುಮ್ಮನೆ ನೋಡುತ್ತಿದ್ದ. ಈ ಅಧ್ಯಯನಕ್ಕೆ ಸಲಹೆ ಕೊಟ್ಟವರಲ್ಲಿ ಲಾಯ್ಡ್ ವಾರ್ನರ್ ಒಬ್ಬರು. ಅವರು ಅದಕ್ಕೆ ಮೊದಲು ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಇದ್ದು ಅವರ ಕಟ್ಟುಪಾಡುಗಳನ್ನು ಅಭ್ಯಾಸ ಮಾಡಿದ್ದ ಮಾನವಶಾಸ್ತ್ರಜ್ಞ. ಒಂದು ಬುಡಕಟ್ಟನ್ನು ನೋಡುವ ಕಣ್ಣಿನಿಂದಲೇ ಕಾರ್ಖಾನೆಯನ್ನೂ ನೋಡಬಹುದು ಎಂಬ ಯೋಚನೆ ಅದರ ಹಿಂದೆ ಇತ್ತು.

ತಂಡ ಜಾಸ್ತಿ ಕೆಲಸ ಮಾಡಿದರೆ ಎಲ್ಲರಿಗೂ ಜಾಸ್ತಿ ಕೂಲಿ. ನಿಯಮ ಹಾಗಿತ್ತು. ಆದರೂ ಅವರು ಜಾಸ್ತಿ ಮಾಡಲಿಲ್ಲ. ತಂತಿ ಜೋಡಿಸುವ ಒಬ್ಬೊಬ್ಬರೂ ದಿನಕ್ಕೆ ಎರಡು ಉಪಕರಣ, ಅಂದರೆ ಸುಮಾರು 6,600 ಜೋಡಣೆ ಮುಗಿಸಿದರೆ ಸಾಕು ಎಂದು ತಮ್ಮೊಳಗೇ ಗೊತ್ತುಮಾಡಿಕೊಂಡಿದ್ದರು. ಇದನ್ನು ಯಾರೂ ಗೋಡೆಗೆ ಬರೆದು ಹಚ್ಚಿರಲಿಲ್ಲ. ಮೀರಿ ದುಡಿದವನ ತೋಳಿಗೆ ಪಕ್ಕದವನು ಒಂದು ಗುದ್ದು ಕೊಡುತ್ತಿದ್ದ. ತೀರಾ ಕಡಿಮೆ ಮಾಡಿದರೂ ಬೈಗುಳ ಇತ್ತು. ಮೇಸ್ತ್ರಿಯ ಹತ್ತಿರ ಚಾಡಿ ಹೇಳುವುದಂತೂ ಎಲ್ಲಕ್ಕಿಂತ ದೊಡ್ಡ ತಪ್ಪು.

ಕೋಣೆಯೊಳಗೆ ಎರಡು ಗುಂಪಿದ್ದವು. ಮುಂದೆ ಕೂತವರದ್ದು ಒಂದು, ಹಿಂದೆ ಕೂತವರದ್ದು ಇನ್ನೊಂದು. ಮುಂದಿನವರು ಕಟ್ಟುತ್ತಿದ್ದ ಉಪಕರಣವೇ ಬೇರೆ ನಮೂನೆ. ಅದಕ್ಕೇ ತಾವು ಒಂದು ಮೆಟ್ಟಿಲು ಮೇಲೆ ಎಂದು ಅವರು ನಂಬಿದ್ದರು. ಎರಡೂ ಗುಂಪು ತಿಂಡಿ ತರಿಸುತ್ತಿದ್ದದ್ದು ಒಂದೇ ಅಂಗಡಿಯಿಂದ, ಆದರೆ ಬೇರೆ ಬೇರೆಯಾಗಿ. ಒಬ್ಬರದ್ದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂದೂ ಜಗಳ ಆಗುತ್ತಿತ್ತು. ಕೆಲವರು ಯಾವ ಗುಂಪಿಗೂ ಸೇರದೆ ಉಳಿದರು. ಅವರಲ್ಲಿ ಒಬ್ಬ ಮೇಸ್ತ್ರಿಗೆ ಸುದ್ದಿ ಮುಟ್ಟಿಸಿದವನು.

ಆಮೇಲೆ ಅವರ ಬುದ್ಧಿಯನ್ನೂ ಕೈಚಳಕವನ್ನೂ ಪರೀಕ್ಷೆ ಮಾಡಿ ನೋಡಿದರು. ಯಾರು ಎಷ್ಟು ಕೆಲಸ ಮಾಡುತ್ತಾರೆ ಎಂಬುದಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಯಾವ ಗುಂಪಿನಲ್ಲಿ ಇದ್ದಾರೆ ಎಂಬುದಕ್ಕೆ ಸಂಬಂಧ ಇತ್ತು.

ಅವರು ಸೋಮಾರಿಗಳು ಎಂದು ಮಾತ್ರ ತಿಳಿಯಬೇಡಿ. ಅದು ಆರ್ಥಿಕ ಮಹಾ ಕುಸಿತದ ಕಾಲ. ಜಾಸ್ತಿ ಮಾಡಿ ತೋರಿಸಿದರೆ ಕೂಲಿ ದರ ಇಳಿಸುತ್ತಾರೆ, ಇಲ್ಲವೇ ನಮ್ಮಲ್ಲೇ ಯಾರನ್ನೋ ಮನೆಗೆ ಕಳಿಸುತ್ತಾರೆ ಎಂಬ ಹೆದರಿಕೆ ಅವರಿಗಿತ್ತು. ಕಡೆಗೆ ಕೆಲಸವೇ ಇಲ್ಲದಂತಾಗಿ ಆ ಕೋಣೆ ಮುಚ್ಚಿತು. ಗುಂಪು ಅವರಿಗೆ ನೆರಳೂ ಆಗಿತ್ತು. ಒಳಗುಂಪು ಅಂದಕೂಡಲೇ ಪಿತೂರಿ ಎನ್ನುವವರಿಗೆ ನಾನು ಈ ಭಾಗವನ್ನು ತಪ್ಪದೆ ಹೇಳುತ್ತೇನೆ.

ಬಾಸ್‌ಗಳೇ ಇಲ್ಲದ ಕಂಪನಿಯಲ್ಲಿ ಈ ತೊಂದರೆ ಇರುವುದಿಲ್ಲ, ಅಲ್ವಾ?

ನನಗೂ ಒಂದು ಕಾಲದಲ್ಲಿ ಹಾಗೇ ಅನಿಸಿತ್ತು. ವಿಡಿಯೋ ಗೇಮ್ ಮಾಡುವ ವಾಲ್ವ್ ಎಂಬ ಅಮೆರಿಕದ ಕಂಪನಿಯ ಕೈಪಿಡಿ 2012ರಲ್ಲಿ ಹೊರಬಂತು. ಇಲ್ಲಿ ಯಾರಿಗೂ ಬಾಸ್ ಇಲ್ಲ, ಮೇಜಿಗೆ ಚಕ್ರ ಇದೆ, ಬೇಕಾದ ಪ್ರಾಜೆಕ್ಟಿನ ಪಕ್ಕಕ್ಕೆ ತಳ್ಳಿಕೊಂಡು ಹೋಗಿ ಎಂದು ಅದರಲ್ಲಿತ್ತು. ಓದಿ ಎಲ್ಲರೂ ಬೆರಗಾದರು. ಮರುವರ್ಷ ಅಲ್ಲಿಂದ ಹೊರಬಂದ ಎಂಜಿನಿಯರ್ ಜೆರಿ ಎಲ್ಸ್‌ವರ್ತ್ ಒಂದು ಸಂದರ್ಶನದಲ್ಲಿ ಬೇರೆಯದೇ ಮಾತು ಹೇಳಿದರು. ಕಾಣದ ಒಂದು ಅಧಿಕಾರದ ಪದರ ಅಲ್ಲಿತ್ತು, ಹೈಸ್ಕೂಲಿನಲ್ಲಿ ಇರುವಂತೆ ಜನಪ್ರಿಯರ ಮಾತೇ ನಡೆಯುತ್ತಿತ್ತು ಎಂಬುದು ಅವರ ಅನುಭವ.

ಇದಕ್ಕೂ ಎಷ್ಟೋ ಮೊದಲು, 1970ರ ದಶಕದ ಆರಂಭದಲ್ಲೇ, ಅಮೆರಿಕದ ಮಹಿಳಾ ಚಳವಳಿಯ ಜೋ ಫ್ರೀಮನ್ ತಮ್ಮದೇ ಸಂಗಾತಿಗಳಿಗೆ ಇದನ್ನು ಹೇಳಿದ್ದರು. ನಮ್ಮ ಗುಂಪಿಗೆ ನಾಯಕಿಯೇ ಇಲ್ಲ ಎಂದು ಹೆಮ್ಮೆಪಡುವ ಕಡೆಯೂ ಮೊದಲಿಂದ ಸ್ನೇಹಿತೆಯರಾಗಿದ್ದವರ ಕೈಯಲ್ಲೇ ತೀರ್ಮಾನ ಉಳಿಯುತ್ತದೆ. ನಿಯಮ ಬರೆದಿಲ್ಲದಿದ್ದರೆ ಆ ನಿಯಮ ಗೊತ್ತಿರುವುದು ಒಳಗಿನವರಿಗೆ ಮಾತ್ರ. ನಾಯಕಿ ಎಂದು ಹೆಸರಿಟ್ಟಿದ್ದರೆ ಅವಳನ್ನು ಇಳಿಸಬಹುದಿತ್ತು. ಹೆಸರೇ ಇಲ್ಲದಿದ್ದರೆ ಯಾರನ್ನು ಇಳಿಸುವುದು? ನಾನು ಈ ವಿಷಯದಲ್ಲಿ ಓದಿದ ಮಾತುಗಳಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು.

ನಮ್ಮ ಕಡೆ ಒಳಗುಂಪಿಗೆ ಜಾತಿ ಎಷ್ಟು ಕಾರಣ?

ಬಹಳ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಜಾತಿ ಯಾವುದು ಎಂದು ಯಾರೂ ನೇರವಾಗಿ ಕೇಳುವುದಿಲ್ಲ. "ನೀವು ಯಾವ ಕಡೆಯವರು?" ಎಂದು ಶುರುವಾಗುತ್ತದೆ. ಊರು ಹೇಳಿದರೆ "ಮನೆದೇವರು ಯಾವುದು?" ಬರುತ್ತದೆ. ಅದಕ್ಕೂ ಗೊತ್ತಾಗದಿದ್ದರೆ "ಡಬ್ಬಿಯಲ್ಲಿ ಏನು ತಂದಿದ್ದೀರಿ?" ಕೇಳುವವರಲ್ಲಿ ಎಷ್ಟೋ ಜನಕ್ಕೆ ತಾವು ಏನು ಕೇಳುತ್ತಿದ್ದೇವೆ ಎಂಬ ಅರಿವೂ ಇರುವುದಿಲ್ಲ. ಉತ್ತರ ಕೊಡುವವರಿಗೆ ಪ್ರತಿ ಸಲವೂ ಇರುತ್ತದೆ. ಮೂರು ಪ್ರಶ್ನೆ ಮುಗಿಯುವಷ್ಟರಲ್ಲಿ ಎದುರಿನವರ ಮುಖದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅವರು ಓದಿಬಿಡುತ್ತಾರೆ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಭಾರತದ 1,000 ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ನೋಡಿದ ಒಂದು ಅಧ್ಯಯನ 2012ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬಂತು. ನಿರ್ದೇಶಕರಲ್ಲಿ ನೂರಕ್ಕೆ ಸುಮಾರು 93 ಜನ ಮುಂದುವರಿದ ಜಾತಿಗಳವರು. ಅದಕ್ಕೂ ಮೊದಲು, 2007ರಲ್ಲಿ, ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪತ್ರಿಕೆಯ ಜಾಹೀರಾತು ನೋಡಿ ಖಾಸಗಿ ಕೆಲಸಗಳಿಗೆ ಅರ್ಜಿ ಕಳಿಸಿದ ಪ್ರಯೋಗವೂ ಅಲ್ಲೇ ಅಚ್ಚಾಗಿತ್ತು. ಓದು ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಬಂದಷ್ಟು ಕರೆ ದಲಿತ ಹೆಸರಿಗೆ ಬರಲಿಲ್ಲ. ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ ಬಂತು.

ಮೀಸಲಾತಿ ಇಲ್ಲದ ಖಾಸಗಿ ಕಂಪನಿಯಲ್ಲಿ ಜಾತಿಯೂ ಇಲ್ಲ ಎನ್ನುವವರು ಪ್ರತಿಭೆಯ ಮಾತಾಡುತ್ತಾರೆ. ನಾನು ಅವರಿಗೆ ಕ್ಯಾಂಟೀನಿಗೆ ಹೋಗಿ ನೋಡಿ ಎನ್ನುತ್ತೇನೆ. ಮೊಟ್ಟೆ ತಂದವರು ಯಾವ ಮೂಲೆಯಲ್ಲಿ ಕೂರುತ್ತಾರೆ? ಅವರನ್ನು ಅಲ್ಲಿ ಕೂರಿಸಿದವರು ಯಾರು? ನಮ್ಮ ಅಜ್ಜಂದಿರ ಕಾಲದ ಪಂಕ್ತಿಭೇದಕ್ಕೆ ಈಗ ಏಸಿ ಹಾಕಿಸಿದ್ದೇವೆ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಆದರೆ ಬರೆಯದೆ ಬಿಡಲಾರೆ.

ಹೊರದೇಶಕ್ಕೆ ಹೋದರೂ ಇದು ಪೆಟ್ಟಿಗೆಯಲ್ಲಿ ಜೊತೆಗೇ ಹೋಗುತ್ತದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಅಷ್ಟು ದೂರದ ಊರಿಗೆ ಅಂಥ ಕಾನೂನು ಯಾಕೆ ಬೇಕಾಯಿತು ಎಂದು ನಾವು ಯೋಚಿಸಬೇಕು.

ಭಾಷೆಯ ಗುಂಪುಗಳ ಬಗ್ಗೆ?

ಬೆಂಗಳೂರಿನಲ್ಲಿ ಇದು ದಿನನಿತ್ಯದ ಮಾತು. ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗಿ, ಹತ್ತನೇ ನಿಮಿಷಕ್ಕೆ ಮೂವರ ಭಾಷೆಗೆ ಜಾರುತ್ತದೆ. ನಾಲ್ಕನೆಯವರು ಫೋನ್ ನೋಡುತ್ತಾ ಕೂರುತ್ತಾರೆ. ಕನ್ನಡಿಗರಿಗೆ ಇದು ತಮ್ಮ ಊರಲ್ಲೇ ಆಗುವುದರಿಂದ ಸಿಟ್ಟು ಬರುವುದು ಸಹಜ. ನನಗೂ ಬಂದಿದೆ. ಆದರೆ ನಾವು ನಾಲ್ಕು ಕನ್ನಡದವರು ಸೇರಿದಾಗ ಒಡಿಶಾದ ಹುಡುಗನೊಬ್ಬ ಹಾಗೇ ಫೋನ್ ನೋಡುತ್ತಾ ಕೂತದ್ದನ್ನೂ ಕಂಡಿದ್ದೇನೆ. ಟೀ ಕುಡಿಯುವಾಗ ಯಾವ ಭಾಷೆಯಾದರೂ ಸರಿ, ಖುಷಿಯಾಗಿ ಮಾತಾಡಿ. ಕೆಲಸ ಹಂಚುವಾಗ ಮಾತ್ರ ಅಲ್ಲಿರುವ ಎಲ್ಲರಿಗೂ ಅರ್ಥವಾಗುವ ಭಾಷೆ ಇರಲಿ.

ಆಫೀಸ್ ಗ್ರೂಪ್ ಬಿಟ್ಟು ಇನ್ನೊಂದು ವಾಟ್ಸಾಪ್ ಗ್ರೂಪ್ ಇದೆ ಎಂದು ಗೊತ್ತಾಯಿತು. ತಲೆ ಕೆಡಿಸಿಕೊಳ್ಳಬೇಕಾ?

ಎಲ್ಲ ಕಡೆಯೂ ಇರುತ್ತದೆ. ಅದರಲ್ಲಿ ಏನಿದೆ ಎಂದು ಇಣುಕಲು ಹೋಗಬೇಡಿ, ಯಾರಿಂದಲೂ ಸ್ಕ್ರೀನ್‌ಶಾಟ್ ಕೇಳಬೇಡಿ. ಹಾಗೆ ಮಾಡಿದರೆ ಕೊಟ್ಟವರೂ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ.

ಒಂದನ್ನು ಮಾತ್ರ ಗಮನಿಸಿ. ನಿಮಗೆ ಗೊತ್ತಿರಬೇಕಾದ ಕೆಲಸದ ವಿಷಯ ನಿಮಗಿಂತ ಮೊದಲು ಬೇರೆಯವರಿಗೆ ಗೊತ್ತಿರುತ್ತದಾ? ಒಂದು ಸಲ ಆದರೆ ಮರೆವು. ತಿಂಗಳಲ್ಲಿ ನಾಲ್ಕು ಸಲ ಆದರೆ ಅದನ್ನು ದಿನಾಂಕದ ಜೊತೆ ಬರೆದಿಟ್ಟುಕೊಂಡು ಮ್ಯಾನೇಜರ್ ಹತ್ತಿರ ಮಾತಾಡಿ. "ನನ್ನನ್ನು ಗ್ರೂಪಿಗೆ ಸೇರಿಸಿ" ಎಂದು ಕೇಳಬೇಡಿ. "ಬುಧವಾರ ಡೆಡ್‌ಲೈನ್ ಬದಲಾದದ್ದು ನನಗೆ ಶುಕ್ರವಾರ ಗೊತ್ತಾಯಿತು, ಇಂಥದ್ದು ಮೇಲ್‌ನಲ್ಲಿ ಬಂದರೆ ಒಳ್ಳೆಯದು" ಎನ್ನಿ. ಇದಕ್ಕೆ ಆಗಲ್ಲ ಎನ್ನುವುದು ಯಾವ ಮ್ಯಾನೇಜರ್‌ಗೂ ಸುಲಭವಲ್ಲ.

ಹೊಸದಾಗಿ ಸೇರಿದ್ದೇನೆ. ನಿಜವಾದ ಅಧಿಕಾರ ಎಲ್ಲಿದೆ ಎಂದು ಹೇಗೆ ತಿಳಿಯುವುದು?

ಮೊದಲ ಎರಡು ತಿಂಗಳು ಕಿವಿಗೆ ಕೆಲಸ ಕೊಡಿ. ಕೆಲಸದಲ್ಲಿ ಸಿಕ್ಕಿಕೊಂಡಾಗ ಜನ ಯಾರ ಮೇಜಿನ ಹತ್ತಿರ ಹೋಗುತ್ತಾರೆ? ಮನೆಯ ಕಷ್ಟ, ಕೆಲಸ ಬಿಡುವ ಯೋಚನೆ ಇಂಥದ್ದನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾರೆ? ಇವೆರಡೂ ಬೇರೆ ಬೇರೆ ಸಂಬಂಧದ ಬಲೆಗಳು. ಅಮೆರಿಕದ ಸಂಶೋಧಕ ಡೇವಿಡ್ ಕ್ರಾಕ್‌ಹಾರ್ಟ್ ಕಂಪನಿಗಳಲ್ಲಿ ಇಂಥ ಪ್ರಶ್ನೆ ಕೇಳಿ ಕೇಳಿ ನಕ್ಷೆ ಬರೆದವರು. ಸಲಹೆಗೆ ಎಲ್ಲರೂ ಹುಡುಕಿಕೊಂಡು ಹೋಗುವ ವ್ಯಕ್ತಿಯನ್ನು ಯಾರೂ ನಂಬದೇ ಇರಬಹುದು ಎಂದು ಅವರ ನಕ್ಷೆಗಳು ತೋರಿಸಿದವು. ಅಂಥವರ ಕೈಗೆ ತಂಡ ಕೊಟ್ಟರೆ ಕೆಲಸ ಮುಂದೆ ಸಾಗುವುದು ಕಷ್ಟ.

ಮೀಟಿಂಗಿನಲ್ಲಿ ಒಂದು ಮಾತು ಬಂದ ಕೂಡಲೇ ಎಲ್ಲರ ಕಣ್ಣು ಯಾರ ಕಡೆ ಹೊರಳುತ್ತದೆ ಎಂದೂ ನೋಡಿ. ಅಟೆಂಡರ್, ಸೆಕ್ಯೂರಿಟಿ, ಹೌಸ್‌ಕೀಪಿಂಗ್‌ನ ಅಕ್ಕಂದಿರ ಹೆಸರು ಕೇಳಿ ಮಾತಾಡಿಸಿ. ಆಫೀಸಿನಲ್ಲಿ ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಕಾರಣಕ್ಕೇ ಅವರೆದುರು ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ. ಸುದ್ದಿ ಸಿಗುತ್ತದೆ ಎಂಬ ಆಸೆಗೆ ಇದನ್ನು ಮಾಡಬೇಡಿ. ಅವರ ಹೆಸರು ನಿಮಗೆ ಗೊತ್ತಿರಬೇಕು ಎಂದು ಮಾಡಿ.

ಮುಂದೆ ಬರಬೇಕೆಂದರೆ ಬಕೆಟ್ ಹಿಡಿಯಲೇಬೇಕಾ?

ಬೇಡ. ಬಕೆಟ್ ಹಿಡಿದು ಮೇಲೆ ಹೋದವರನ್ನು ನೋಡಿದ್ದೇನೆ. ಆ ಬಾಸ್ ಕಂಪನಿ ಬಿಟ್ಟ ದಿನ ಅವರ ಸ್ಥಿತಿಯನ್ನೂ ನೋಡಿದ್ದೇನೆ.

ಹಾಗೆಂದು ಯಾರ ಜೊತೆಗೂ ಬೆರೆಯದೆ ಇರುವುದು ಸ್ವಾಭಿಮಾನ ಆಗುವುದಿಲ್ಲ. ವಾರಕ್ಕೊಮ್ಮೆ ಟೀಗೆ ಹೋಗಿ. ಬೇರೆ ಬೇರೆಯವರ ಜೊತೆ ಹೋಗಿ. ಅಲ್ಲಿಲ್ಲದವರ ಬಗ್ಗೆ ಮಾತು ಬಂದಾಗ ಸೇರಿಕೊಳ್ಳಬೇಡಿ. ಎರಡು ಮೂರು ಸಲ ಹಾಗೆ ಸುಮ್ಮನಿದ್ದರೆ ನಿಮ್ಮೆದುರು ಅಂಥ ಮಾತು ತಾನಾಗಿ ಕಡಿಮೆಯಾಗುತ್ತದೆ.

ನನ್ನನ್ನು ಮೂಲೆಗುಂಪು ಮಾಡಿದ್ದಾರೆ. ಈಗ ಏನು ಮಾಡಲಿ?

ಮೊದಲು, ನಿಮ್ಮಲ್ಲೇ ಏನೋ ಕೊರತೆ ಇದೆ ಎಂದು ಕೊರಗುವುದನ್ನು ನಿಲ್ಲಿಸಿ. ಹಾಥಾರ್ನ್ ಕೋಣೆಯ ಪರೀಕ್ಷೆ ನೆನಪಿಸಿಕೊಳ್ಳಿ. ಒಬ್ಬರು ಮಾಡುವ ಕೆಲಸಕ್ಕೂ ಅವರ ಬುದ್ಧಿಗೂ ಅಲ್ಲಿ ನಂಟು ಸಿಗಲಿಲ್ಲ, ಇದ್ದ ಗುಂಪಿಗೂ ಕೆಲಸಕ್ಕೂ ಸಿಕ್ಕಿತು.

ಆಮೇಲೆ, ಬಾಯಿಮಾತಿನ ಕೆಲಸವನ್ನು ಬರಹಕ್ಕೆ ತನ್ನಿ. ಕಾರಿಡಾರಿನಲ್ಲಿ ಯಾರಾದರೂ ಕೆಲಸ ಹೇಳಿದರೆ ಸೀಟಿಗೆ ಬಂದು ಎರಡು ಸಾಲಿನ ಮೇಲ್ ಹಾಕಿ: "ಈಗ ಮಾತಾಡಿದಂತೆ ಇದನ್ನು ಗುರುವಾರದೊಳಗೆ ಮುಗಿಸುತ್ತೇನೆ." ಜಗಳದ ದನಿ ಬೇಡ. ಮೂರು ತಿಂಗಳು ಹೀಗೆ ಮಾಡಿದರೆ, ನೀವು ಏನು ಮಾಡಿದ್ದೀರಿ ಎಂಬುದಕ್ಕೆ ಯಾರ ಸಾಕ್ಷಿಯೂ ಬೇಕಾಗುವುದಿಲ್ಲ.

ಮೂರನೆಯದು, ನಿಮ್ಮ ತಂಡದ ಹೊರಗೆ ಪರಿಚಯ ಮಾಡಿಕೊಳ್ಳಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ 1973ರಲ್ಲಿ ಬರೆದದ್ದು ಇದನ್ನೇ. ಪರಿಚಿತರ ಮೂಲಕ ಕೆಲಸ ಹಿಡಿದವರನ್ನು ಅವರು ಮಾತಾಡಿಸಿದ್ದರು. ದಾರಿ ತೋರಿಸಿದವರು ಹೆಚ್ಚಾಗಿ ದಿನವೂ ಸಿಗುವ ಆಪ್ತರಾಗಿರಲಿಲ್ಲ. ಅಪರೂಪಕ್ಕೆ ಕಾಣುವ ಮುಖಪರಿಚಯದವರಾಗಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ಒಳಗುಂಪಿನವರಿಗೆ ಈ ದೂರದ ಪರಿಚಯ ಎಷ್ಟೋ ಸಲ ಕಡಿಮೆ ಇರುತ್ತದೆ, ಯಾಕೆಂದರೆ ಅವರು ಅವರಲ್ಲೇ ಸುತ್ತುತ್ತಿರುತ್ತಾರೆ.

ಇಷ್ಟೆಲ್ಲ ಮಾಡಿಯೂ ಬೆಳಗ್ಗೆ ಎದ್ದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತಿದ್ದರೆ ಬೇರೆ ಕೆಲಸ ಹುಡುಕಿ. ಅದನ್ನು ಸೋಲು ಎನ್ನುವವರ ಮಾತಿಗೆ ಕಿವಿ ಕೊಡಬೇಡಿ. ನಿದ್ದೆ, ಊಟ ಕೆಟ್ಟಿದ್ದರೆ ಮನೆಯವರಿಗೂ ಡಾಕ್ಟರಿಗೂ ಹೇಳಿ.

ಕಾನೂನಿನ ಸಹಾಯ ಇದೆಯಾ?

ಟೀಗೆ ಕರೆಯಲಿಲ್ಲ ಎಂದು ದೂರು ಕೊಡಲು ಯಾವ ಕಾನೂನೂ ಇಲ್ಲ. ಅದು ಒಂದು ಗೆರೆ ದಾಟಿದಾಗ ಇದೆ.

ಹೆಂಗಸರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಹೆಂಗಸರಿರಬೇಕು. ಒಬ್ಬ ಸದಸ್ಯರು ಕಂಪನಿಯ ಹೊರಗಿನವರಾಗಿರಬೇಕು. ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ಒಳಗಿನವರೇ ಒಳಗಿನವರ ಬಗ್ಗೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂದು ಗೊತ್ತಿದ್ದವರು ಅದನ್ನು ಬರೆದಿದ್ದಾರೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಜಾತಿಯ ಹೆಸರು ಹಿಡಿದು ಜನರೆದುರು ಅವಮಾನ ಮಾಡಿದರೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇದೆ. ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಗಳಲ್ಲಿ ಅಕ್ರಮ ಕಂಡರೆ ತಿಳಿಸಲು ಒಂದು ವ್ಯವಸ್ಥೆ ಇರಲೇಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಯಾವ ದೂರಿಗೂ ಮುಂಚೆ ಒಬ್ಬ ವಕೀಲರ ಹತ್ತಿರ ಮಾತಾಡಿ.

ನಾನೇ ಮ್ಯಾನೇಜರ್. ನನ್ನ ತಂಡದ ಒಳಗುಂಪನ್ನು ಒಡೆಯಬೇಕಾ?

ಒಡೆಯಲು ಹೋದರೆ ಅದು ಇನ್ನೂ ಗಟ್ಟಿಯಾಗುತ್ತದೆ. ಸೀಟು ಬದಲಿಸುವುದು, ಒಟ್ಟಿಗೆ ಊಟಕ್ಕೆ ಹೋಗಬೇಡಿ ಎನ್ನುವುದು ಇವೆಲ್ಲ ಮಕ್ಕಳ ಶಾಲೆಯ ಉಪಾಯ. ಸ್ನೇಹವನ್ನು ಇದ್ದ ಹಾಗೇ ಬಿಡಿ. ತೀರ್ಮಾನವನ್ನು ಅಲ್ಲಿಂದ ಎತ್ತಿ ಎಲ್ಲರಿಗೂ ಕಾಣುವ ಜಾಗಕ್ಕೆ ತನ್ನಿ.

ನನಗೆ ಇದನ್ನು ಕಲಿಸಿದ್ದು ಯಾವ ಮ್ಯಾನೇಜ್‌ಮೆಂಟ್ ಕ್ಲಾಸೂ ಅಲ್ಲ. ನಮ್ಮ ಚಿಕ್ಕಮ್ಮ ಊರಿನ ಸ್ತ್ರೀಶಕ್ತಿ ಸಂಘದಲ್ಲಿದ್ದರು. ಕರ್ನಾಟಕ ಸರ್ಕಾರ ಈ ಯೋಜನೆಯನ್ನು 2000–01ರಲ್ಲಿ ಶುರು ಮಾಡಿತು. ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಸುತ್ತ ಕೂರುತ್ತಿದ್ದರು. ಉಳಿತಾಯದ ದುಡ್ಡನ್ನು ನಡುವೆ ಇಟ್ಟು ಎಲ್ಲರೆದುರು ಎಣಿಸುತ್ತಿದ್ದರು. ಯಾರಿಗೆ ಸಾಲ, ಎಷ್ಟು, ಯಾಕೆ ಎಂಬುದು ಅಲ್ಲೇ ಮಾತಾಗಿ, ಅಲ್ಲೇ ಪುಸ್ತಕಕ್ಕೆ ಏರಿ, ಏಳುವ ಮೊದಲು ಗಟ್ಟಿಯಾಗಿ ಓದಿ ಹೇಳಬೇಕಿತ್ತು. ಅವರಲ್ಲೂ ಒಡಕು ಇತ್ತು. ಒಂದೇ ಬೀದಿಯವರು ಒಂದು ಕಡೆ ಆಗುತ್ತಿದ್ದರು. ಆದರೂ ದುಡ್ಡು ನಡುವೆ ಇದ್ದಷ್ಟು ದಿನ ಮೋಸ ಸುಲಭ ಇರಲಿಲ್ಲ.

ತೊಂದರೆ ಬಂದದ್ದು ಬೇರೆ ದಾರಿಯಿಂದ. ಚೆನ್ನಾಗಿ ಓದು ಬರಹ ಬರುತ್ತಿದ್ದದ್ದು ಒಬ್ಬರಿಗೇ. ಪುಸ್ತಕ ಅವರ ಮನೆಯಲ್ಲಿ, ಬ್ಯಾಂಕಿಗೆ ಹೋಗುವುದೂ ಅವರೇ. ಅಧ್ಯಕ್ಷೆ ಬೇರೆಯವರಾದರೂ ಎರಡು ವರ್ಷದಲ್ಲಿ ಸಂಘವೇ ಅವರದ್ದಾಯಿತು. ಅವರು ಕೆಟ್ಟವರಲ್ಲ. ಬೇರೆ ಯಾರಿಗೂ ಆ ಕೆಲಸ ಬರುತ್ತಿರಲಿಲ್ಲ. ಚಿಕ್ಕಮ್ಮ ಐವತ್ತು ದಾಟಿದ ಮೇಲೆ ಲೆಕ್ಕ ಬರೆಯಲು ಕಲಿತರು. ಆ ಪುಸ್ತಕಕ್ಕಾಗಿಯೇ ಕಲಿತರು.

ಹಾಗಾಗಿ ನಿಮ್ಮ ತಂಡದಲ್ಲಿ ಪುಸ್ತಕ ಯಾರ ಮನೆಯಲ್ಲಿದೆ ಎಂದು ಮೊದಲು ನೋಡಿ. ಗಿರಾಕಿಯ ಫೋನ್ ನಂಬರ್, ಹಳೆಯ ಕೋಡಿನ ಗುಟ್ಟು, ಬಜೆಟ್ಟಿನ ಶೀಟು ಒಬ್ಬರ ಕೈಯಲ್ಲೇ ಇದ್ದರೆ ಇನ್ನೊಬ್ಬರಿಗೆ ಕಲಿಸಿ. ಹೊಸ ಅವಕಾಶ ಬಂದಾಗ ಎಲ್ಲರಿಗೂ ಒಂದೇ ಮೇಲ್ ಕಳಿಸಿ, ಯಾರಿಗೆ ಆಸೆ ಇದೆ ಎಂದು ಕೇಳಿ. ಆರಿಸಿದ ಕಾರಣ ಬರೆದಿಡಿ. ಮೀಟಿಂಗಿನಲ್ಲಿ ನೀವು ಕಡೆಗೆ ಮಾತಾಡಿ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಕನ್ನಡ ಸಂಘಗಳಲ್ಲೂ ಇದೇನಾ?

ಇದೇ. ಸಂಬಳ ಇಲ್ಲದಿರುವುದರಿಂದ ಇನ್ನೂ ಜಾಸ್ತಿ. ಕೆಲಸ ಮಾಡಲು ಯಾರೂ ಮುಂದೆ ಬರುವುದಿಲ್ಲ, ಬಂದ ನಾಲ್ವರು ಹತ್ತು ವರ್ಷ ಕೂರುತ್ತಾರೆ. ಅವರನ್ನು ಬೈಯುವ ಮೊದಲು ಸರ್ವ ಸದಸ್ಯರ ಸಭೆಗೆ ನೀವು ಕಡೆಯ ಸಲ ಯಾವಾಗ ಹೋಗಿದ್ದಿರಿ ಎಂದು ಕೇಳಿಕೊಳ್ಳಿ.

ನೀವು ಯಾವತ್ತಾದರೂ ಒಳಗುಂಪಿನಲ್ಲಿ ಇದ್ದಿರಾ?

ಇದ್ದೆ. ಹಳೆಯ ಕಂಪನಿಯೊಂದರಲ್ಲಿ ಸಂಜೆ ಆರು ಗಂಟೆಗೆ ನಾವು ಐದು ಜನ ಗೇಟಿನ ಹೊರಗಿನ ಟೀ ಅಂಗಡಿಗೆ ಹೋಗುತ್ತಿದ್ದೆವು. ಮ್ಯಾನೇಜರ್ ಕೂಡ ಬರುತ್ತಿದ್ದರು. ನಾವೊಂದು ಗುಂಪು ಎಂದು ನಮಗೆ ಅನಿಸಿರಲೇ ಇಲ್ಲ. ಒಳಗಿದ್ದವರಿಗೆ ಅದು ಗೋಡೆಯಂತೆ ಕಾಣುವುದೇ ಇಲ್ಲ.

ನಮ್ಮ ತಂಡದಲ್ಲಿ ನನಗಿಂತ ಎರಡು ವರ್ಷ ಸೀನಿಯರ್ ಒಬ್ಬರು ಮೇಡಂ ಇದ್ದರು. ಮಗು ಡೇಕೇರ್‌ನಲ್ಲಿ ಇರುತ್ತಿತ್ತು. ಐದು ಮುಕ್ಕಾಲಿನ ಕಂಪನಿ ಬಸ್ಸಿಗೆ ಹೋಗುತ್ತಿದ್ದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದಿರುತ್ತಿದ್ದರು. ಟೀಮ್ ಲೀಡ್ ಜಾಗ ಖಾಲಿಯಾದಾಗ ಮ್ಯಾನೇಜರ್ ಟೀ ಕುಡಿಯುತ್ತಾ ಅವರ ಹೆಸರು ತೆಗೆದರು. ನಾನು "ಅವರು ಸಂಜೆ ಇರಲ್ವಲ್ಲ ಸಾರ್" ಎಂದೆ. ಅಷ್ಟೇ ಹೇಳಿದ್ದು. ಉಳಿದವರು ಹೌದು ಹೌದು ಎಂದರು. ಆ ಜಾಗ ನಮ್ಮ ಐವರಲ್ಲಿ ಒಬ್ಬರಿಗೆ ಹೋಯಿತು.

ಅವರು ಮರುವರ್ಷ ಕೆಲಸ ಬಿಟ್ಟರು. ಕಡೆಯ ದಿನ ನನ್ನ ಹತ್ತಿರ ಬಂದು, "ನನಗೆ ಆ ಕೆಲಸ ಬೇಕಾ ಅಂತ ಯಾರೂ ಕೇಳಲೇ ಇಲ್ಲ" ಎಂದರು. ಬೇಜಾರಿನಿಂದ ಹೇಳಲಿಲ್ಲ. ಆಶ್ಚರ್ಯದಿಂದ ಹೇಳಿದರು. ನಾನು ಏನು ಹೇಳಿದ್ದೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ತಂಡ ನಡೆಸಿದ ಒಂಬತ್ತು ವರ್ಷವೂ ಅಂಥ ವಿಷಯಗಳನ್ನು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ, ಎಲ್ಲರೂ ಇರುವಾಗ ಮಾತಾಡಿದೆ. ಸಂಜೆ ಟೀಗೆ ಹೋಗುವುದನ್ನು ಬಿಡಲಿಲ್ಲ. ಅಲ್ಲಿ ಯಾರದಾದರೂ ಹೆಸರು ಬಂದರೆ "ಮಂಗಳವಾರ ಮಾತಾಡೋಣ" ಎನ್ನುತ್ತಿದ್ದೆ.

ಕಳೆದ ವರ್ಷ ಅವರ ನಂಬರ್ ಹುಡುಕಿ ಫೋನ್ ಮಾಡಿದೆ. ಅವತ್ತು ಟೀ ಅಂಗಡಿಯಲ್ಲಿ ನಾನು ಆಡಿದ ಮಾತನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವತ್ತು ಅಲ್ಲಿ ಯಾರ್‍ಯಾರು ಇದ್ದಿರಿ?" ಎಂದು ಕೇಳಿದರು. ನನ್ನದೂ ಸೇರಿ ಎಲ್ಲರ ಹೆಸರೂ ಹೇಳಿದೆ.